ಅಕ್ಕನಿಗೆ ಹೇಳಿದ ಸಿನಿಮಾದ ಕೊನೆ

ನಾನು ಚಿಕ್ಕವನಿದ್ದಾಗಲೂ ಇಷ್ಟೇ ಅಂಜುಬುರುಕ, ಮಕ್ಕಳೇ. ಆಳಂದದ ಮನೆಯಲ್ಲಿ ಗ್ಯಾಸು ಆರಿಸಿದೆವೋ ಇಲ್ಲವೋ ಎಂದು ಖಜೂರಿ ದಾಟಿದ ಮೇಲೆ ಕಾರು ತಿರುಗಿಸುವ ಈ ನಿಮ್ಮ ಅಜ್ಜ, ಆಗ ಬಸ್ಸು ತಪ್ಪೀತೆಂದು ಬೆವರುತ್ತಿದ್ದ. ಆ ಅಂಜಿಕೆ ಒಂದು ದಿನ ಮಾಡಿದ ಕೆಲಸವನ್ನು ಹೇಳುತ್ತೇನೆ.

ನಮ್ಮೂರು ನೆಲೋಗಿ. ಬೇಸಿಗೆ ರಜೆಗೆ ಅಕ್ಕ ಅಫಜಲಪುರದಿಂದ ಬಂದಿದ್ದಳು. ಅವಳನ್ನು ಹೆತ್ತವಳು ನಮ್ಮ ಅವ್ವನೇ. ಕೂಸಿದ್ದಾಗಲೇ ಮಕ್ಕಳಿಲ್ಲದ ದೊಡ್ಡವ್ವನ ಉಡಿಗೆ ಹಾಕಿದ್ದರು. ಹಾಗೆ ಕೊಟ್ಟ ಮೇಲೆ ನಮ್ಮದು ಎನ್ನಬಾರದೆಂಬುದು ಮನೆತನದ ಕಟ್ಟು. ಓಣಿಯವರು ಯಾರೆಂದು ಕೇಳಿದರೆ ಅವ್ವ, ‘ನಮ್ಮಕ್ಕನ ಮಗಳ್ರಿ’ ಎಂದು ರೊಟ್ಟಿ ಬಡಿಯುವ ಸಪ್ಪಳ ಜೋರು ಮಾಡುತ್ತಿದ್ದಳು. ಯಾರೂ ಇಲ್ಲದಾಗ ಮಾತ್ರ ಅಕ್ಕ ಅವಳನ್ನು ಅವ್ವಾ ಎನ್ನುತ್ತಿದ್ದಳು.

ಆ ವಾರ ಜೇವರ್ಗಿಯ ಟಾಕೀಸಿನಲ್ಲಿ ಒಂದು ಸಿನಿಮಾಕ್ಕೆ ಕಾಲಿಡಲು ಜಾಗವಿರಲಿಲ್ಲ. ಹೆತ್ತವಳು ಕೂಸನ್ನು ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಡುತ್ತಾಳೆ, ಗಾಡಿ ಹೊಡೆಯುವವನು ಸಾಕುತ್ತಾನೆ, ಬೆಳೆದ ಮೇಲೆ ಆ ಮಗ ಒಡಹುಟ್ಟಿದ ತಮ್ಮಂದಿರ ಎದುರೇ ನಿಲ್ಲುತ್ತಾನೆ. ಇಷ್ಟು ಕೇಳಿದ್ದೇ ಅಪ್ಪ, ಪುರಾಣಕ್ಕೆ ಪ್ಯಾಂಟು ತೊಡಿಸಿದ್ದಾರೆ ಎಂದು ನಕ್ಕ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಓದಿ ಹೇಳುತ್ತಿದ್ದವನು ಅವನೇ. ಆ ಪುರಾಣದಲ್ಲಿ ತಾಯಿ ಎಲ್ಲರೆದುರು ಬಾಯಿ ಬಿಡುವುದು ಮಗ ಸತ್ತ ಮೇಲೆಯೇ.

ಬೆಳೆದ ಹುಡುಗಿಯನ್ನು ಟಾಕೀಸಿಗೆ ಒಯ್ದರೆ ಮಂದಿ ಮಾತಾಡುತ್ತಾರೆಂದು ಅಪ್ಪ ನನ್ನೊಬ್ಬನನ್ನೇ ಹೊರಡಿಸಿದ. ಅಕ್ಕ ನನ್ನ ತಲೆಗೆ ಕುಸುಬಿ ಎಣ್ಣೆ ಹಚ್ಚಿ ಬಾಚುತ್ತ ಮೆಲ್ಲಗೆ ಹೇಳಿದಳು:

‘ಹೊಡದಾಟ ಬಡದಾಟ ನೀನ ಇಟಗೋ. ಕೊನಿಗೆ ಅವರವ್ವ ಮಂದಿ ಮುಂದ, ಇವ ನನ್ನ ಮಗ ಅಂತಾಳೇನು, ಅಷ್ಟು ನೋಡ್ಕೊಂಡು ಬಾ.’

ಟಾಕೀಸಿನ ತುಂಬ ಬೀಡಿ ಹೊಗೆ, ಕಾಲಡಿಯಲ್ಲಿ ಶೇಂಗಾ ಸಿಪ್ಪೆ. ಬುಟ್ಟಿ ತೇಲಿ ಹೋಗುವಾಗ ಪಕ್ಕದ ಮುದುಕಿ ಪರದೆಗೆ ಕೈಮುಗಿದಳು. ನನಗೆ ಮಾತ್ರ ಸಂಜೆಯ ಕೊನೆಯ ಬಸ್ಸಿನ ಚಿಂತೆ. ಅಪ್ಪನ ಅಂಗಿಯನ್ನು ಜಗ್ಗುತ್ತಲೇ ಇದ್ದೆ. ತಾಯಿ ಪಂಚಾಯ್ತಿ ಕಟ್ಟೆ ಏರುವ ಹೊತ್ತಿಗೆ ಅವನಿಗೂ ಸಾಕಾಯಿತು.

‘ನಡಿಲೇ ಅಂಜುಬುರುಕಾ. ಮುಂದಿಂದು ಗೊತ್ತಿದ್ದದ್ದ ಅದ.’

ಓಡೋಡಿ ಬಂದರೆ ಬಸ್ಸು ನಿಂತೇ ಇತ್ತು. ಡ್ರೈವರು ನಿಧಾನಕ್ಕೆ ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದ.

ಮನೆ ಮುಟ್ಟಿದ್ದೇ ಅಪ್ಪ ಕಾಲು ತೊಳೆಯಲು ಹಿತ್ತಿಲಿಗೆ ಹೋದ. ಅಕ್ಕ ನನ್ನ ಮುಂದೆ ಬಂದು ನಿಂತಳು.

‘ಅಂದ್ಲೇನು?’

ನೋಡಲಿಲ್ಲ ಎಂದರೆ ಯಾಕೆಂದೂ ಹೇಳಬೇಕಿತ್ತು. ಪುರಾಣದ ಕೊನೆ ಗೊತ್ತಿತ್ತಲ್ಲ, ಅದನ್ನೇ ಒಪ್ಪಿಸಿಬಿಟ್ಟೆ: ‘ಇಲ್ಲ. ಅವ ಸತ್ತ ಮ್ಯಾಗ ಅಂದ್ಲು.’

‘ಸಿನಿಮಾದಾಗೂ ಹಂಗ ಅನ್ನು’ ಎಂದಳು ಅಕ್ಕ. ಮರುದಿನದಿಂದ ಯಾರೂ ಇಲ್ಲದಾಗಲೂ ಅವ್ವನನ್ನು ಚಿಗವ್ವಾ ಎಂದೇ ಕರೆದಳು. ಅವ್ವ ಒಮ್ಮೆ ತಲೆಯೆತ್ತಿ ನೋಡಿದಳು, ಮತ್ತೆ ರೊಟ್ಟಿ ಬಡಿದಳು.

ಆ ಕೊನೆಯನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಟಿವಿಯಲ್ಲಿ. ಅವ್ವ ಆಗಲೇ ತೀರಿಕೊಂಡಿದ್ದಳು. ಸಿನಿಮಾದ ತಾಯಿ ಇಡೀ ಊರಿನ ಎದುರು ಅವನ ಕೈ ಹಿಡಿದು, ಇವನು ನನ್ನ ಚೊಚ್ಚಲ ಮಗ ಎನ್ನುತ್ತಾಳೆ. ಪುರಾಣದಿಂದ ಎಲ್ಲವನ್ನೂ ತಂದು, ಕೇಳಿದವರೆಲ್ಲ ಅಳುತ್ತ ಬಂದ ಆ ಒಂದು ಜಾಗವನ್ನು ಮಾತ್ರ ತಿದ್ದಿದ್ದರು. ಟಾಕೀಸು ತುಂಬಿದ್ದು ಅದಕ್ಕೇ. ಅಪ್ಪನಿಗೆ ಅದು ಹೊಳೆದಿರಲಿಲ್ಲ. ನನಗಂತೂ ಬಸ್ಸು.

ನಿಮ್ಮ ಹೊಸ ಸಿನಿಮಾಗಳಲ್ಲೂ ಹೊಳೆಗೆ ಬಿಟ್ಟ ಕೂಸು ಇದ್ದೇ ಇದೆ. ಆದರೆ ನಿಮಗೆ ಬಸ್ಸಿನ ಚಿಂತೆಯಿಲ್ಲ. ಫೋನಿನ ಮೇಲೆ ಬೆರಳು ಎಳೆದು ಮೊದಲು ಕೊನೆಯನ್ನೇ ನೋಡಿಬಿಡುತ್ತೀರಿ. ಹೋದ ತಿಂಗಳು ಅಫಜಲಪುರದಲ್ಲಿ ಆ ಹಳೆಯ ಸಿನಿಮಾ ಹಚ್ಚಿ ಅಕ್ಕನನ್ನೂ ಪಕ್ಕ ಕೂರಿಸಿಕೊಂಡಿರಲ್ಲ, ನೆನಪಿದೆಯೇ? ಪಂಚಾಯ್ತಿ ಕಟ್ಟೆ ಬರುತ್ತಲೇ ಅವಳು ಎದ್ದಳು. ‘ಇದರ ಕೊನಿ ನಂಗ ಗೊತ್ತದರೋ’ ಎಂದು ಚಹಾ ಇಡಲು ಒಳಗೆ ಹೋದಳು.

ಕರೆಯಬಹುದಿತ್ತು. ಆ ತಾಯಿಯ ಮಾತು ಒಳಗೆ ಕೇಳೀತೆಂದು ಅಂಜಿ, ಸಪ್ಪಳ ಸಣ್ಣ ಮಾಡಿರೋ ಎಂದು ನಿಮಗೆ ಹೇಳಿದವನು ನಾನೇ.