ಬಾಲುವನ್ನು ಬಿಟ್ಟು ಬಂದ ಊರು

ಆ ಪ್ರವಾಸಕ್ಕೆ ಹಟ ಹಿಡಿದವಳು ವೇದವಲ್ಲಿಯೇ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಮೈಸೂರಿಗೆ ಹೋದರೆ ನೆಂಟರ ಮನೆಗಳನ್ನು ಸುತ್ತುವಷ್ಟರಲ್ಲಿ ರಜೆ ತೀರುತ್ತಿತ್ತು. ಜಪಾನಿಗೆ ಬಂದ ಮೇಲಂತೂ ಗಂಡ ಬಾಲಸುಬ್ರಹ್ಮಣ್ಯ ಯಾವುದೋ ಬ್ಯಾಂಕಿನ ಸಾಫ್ಟ್‌ವೇರಿಗೆ ಗಂಟುಬಿದ್ದು, ಟೋಕಿಯೋ ಪಕ್ಕದ ಗ್ಯೋಟೋಕುವಿನ ಮನೆಗೆ ಮಲಗಲು ಮಾತ್ರ ಬರುತ್ತಿದ್ದ. ಅವಳು ಎಡೋಗಾವಾದ ಇಂಡಿಯನ್ ಸ್ಕೂಲೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು. ಸ್ಟಾಫ್ ರೂಮಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಪೂರ್ತಿ ಪೋರ್ಚುಗಲ್ಲಿನ ಲಿಸ್ಬನ್ನಿನ ಚಿತ್ರವಿತ್ತು: ಏರುದಾರಿ, ಹಳದಿ ಟ್ರಾಮು, ಕೆಳಗೆ ನದಿ. "ಇಲ್ಲಿಗೇ ಹೋಗೋಣ ರೀ," ಅಂದಳು. ಬಾಲು ನಕ್ಕು ಒಪ್ಪಿಕೊಂಡ.

ಹೊರಡುವ ಹೊತ್ತಿಗೆ ಎರಡು ಸಾವಿರದ ಇಪ್ಪತ್ತರ ಮಾರ್ಚ್ ಬಂದಿತ್ತು. ಕೊರೊನಾ ಹಬ್ಬಿ ಯೊಕೊಹಾಮಾದಲ್ಲಿ ನಿಂತ ಹಡಗಿನ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಗ್ಯೋಟೋಕುವಿನ ಯಾವ ಅಂಗಡಿಯಲ್ಲೂ ಮಾಸ್ಕ್ ಸಿಗುತ್ತಿರಲಿಲ್ಲ, ಶಾಲೆಗಳು ಮುಚ್ಚಿದ್ದವು. ಹೋಗುವುದೇ ಬೇಡವೇನೋ ಎಂದು ಬಾಲು ಅನುಮಾನಿಸಿದಾಗ, "ಈಗ ಇಲ್ಲಿಗಿಂತ ಅಲ್ಲೇ ಕ್ಷೇಮ," ಅಂದವಳೂ ಅವಳೇ. ಆ ದಿನ ಆ ಮಾತು ಸುಳ್ಳೇನೂ ಆಗಿರಲಿಲ್ಲ. ಒಂಬತ್ತು ವರ್ಷದ ಮಗಳು ಸಾಹಿತ್ಯಳನ್ನು ಹಿಂದಿನ ಬೀದಿಯ ಗೆಳತಿ ಲೀಲಾಳ ಮನೆಯಲ್ಲಿ ಬಿಟ್ಟರು. ಲೀಲಾ ಬಸುರಿ, ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. "ಒಂದು ವಾರ ತಾನೇ ವೇದಕ್ಕ, ಆರಾಮಾಗಿ ಹೋಗಿ ಬನ್ನಿ," ಎಂದು ಅವಳೇ ಕಳಿಸಿಕೊಟ್ಟಳು.

ಲಿಸ್ಬನ್ನಿನಲ್ಲಿ ಮೊದಲ ದಿನವೇ ದಾರಿ ತಪ್ಪಿತು. ಮೆಟ್ಟಿಲು ಹತ್ತಿ ಇಳಿದು ಸಾಕಾಗಿ ಒಂದು ಮನೆಯ ಬಾಗಿಲ ಮುಂದೆ ಕುಳಿತುಬಿಟ್ಟರು. ಬಾಗಿಲು ತೆರೆಯಿತು. ಬಯ್ಯುತ್ತಾರೇನೋ ಎಂದು ವೇದವಲ್ಲಿ ಎದ್ದು ನಿಂತು, ಅಭ್ಯಾಸಬಲದಿಂದ ಜಪಾನಿಯಲ್ಲಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದಳು. ಒಳಗಿನಿಂದ ಬಂದ ಹೆಂಗಸು ಜೋರಾಗಿ ನಕ್ಕಳು. ಅವಳು ಫೆರ್ನಾಂಡಾ, ಅರವತ್ತು ದಾಟಿದವಳು. ಪ್ರಾಯದಲ್ಲಿ ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ಕೆಲಸ ಮಾಡಿದ್ದಳಾದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಗಂಡ ಆಲ್ವಾರೊ ಟ್ರಾಮ್ ಓಡಿಸಿ ನಿವೃತ್ತನಾದವನು. ಅವನಿಗೆ ತನ್ನ ಭಾಷೆ ಬಿಟ್ಟು ಬೇರೆ ಬಾರದು. ಒಳಗೆ ಕರೆದು ಕೂರಿಸಿದರು. ಮಾಂಸ ತಿನ್ನುವವರಲ್ಲ ಎಂದು ತಿಳಿದಾಗ ಫೆರ್ನಾಂಡಾ ಮಾಡಿದ್ದ ಸೂಪನ್ನು ಬದಿಗಿಟ್ಟು, ಬರೀ ಸೊಪ್ಪು, ಆಲೂಗಡ್ಡೆ ಹಾಕಿ ಬೇರೆ ಕುದಿಸಿದಳು. ಮರುದಿನ ಆಲ್ವಾರೊ ಅವರನ್ನು ಟ್ರಾಮಿನಲ್ಲಿ ಊರು ತೋರಿಸಲು ಕರೆದುಕೊಂಡು ಹೋದ. ಎದುರು ಸಿಕ್ಕ ಚಾಲಕರೆಲ್ಲ ಅವನಿಗೆ ಕೈಯೆತ್ತುತ್ತಿದ್ದರು. ಇಳಿಜಾರು ಬಂದಾಗ ಅವನು ಕುಳಿತಲ್ಲೇ ಬ್ರೇಕ್ ತಿರುಗಿಸಿದಂತೆ ಕೈ ತಿರುಗಿಸುತ್ತಿದ್ದ. ಬಾಲು ನಗುತ್ತಲೇ ಇದ್ದ. ಅವನು ಹಾಗೆ ನಕ್ಕು ಎಷ್ಟು ಕಾಲವಾಯಿತೋ ಎಂದು ವೇದವಲ್ಲಿಗೆ ಅನ್ನಿಸಿತು.

ಆಮೇಲೆ ಎಲ್ಲವೂ ಒಂದರ ಹಿಂದೊಂದು ಮುಚ್ಚತೊಡಗಿತು. ಮೊದಲು ಅರಮನೆ, ವಸ್ತುಸಂಗ್ರಹಾಲಯ. ಆಮೇಲೆ ಕಾಫಿ ಅಂಗಡಿಗಳು. ಹಿಂತಿರುಗುವ ವಿಮಾನ ರದ್ದಾಯಿತು. ಬದಲಿಗೆ ಸಿಕ್ಕ ವಿಮಾನವೂ ರದ್ದಾಯಿತು. ಬಾಡಿಗೆ ಕೋಣೆಯವನು ಬೀಗ ಹಾಕಿ ಊರಿಗೆ ಹೊರಟ. ವಿಷಯ ತಿಳಿದ ಫೆರ್ನಾಂಡಾ ತಾನೇ ಬಂದು ಪೆಟ್ಟಿಗೆ ಎತ್ತಿಕೊಂಡಳು. ಅವಳ ಮನೆಯ ಮಹಡಿಯಲ್ಲಿ, ಪರದೇಶದಲ್ಲಿದ್ದ ಮಗಳ ಕೋಣೆ ಖಾಲಿ ಇತ್ತು.

ಯೂರೋಪಿನಿಂದ ಬರುವ ವಿದೇಶಿಯರಿಗೆ ಜಪಾನ್ ಇನ್ನು ಬಾಗಿಲು ತೆಗೆಯುವುದಿಲ್ಲ ಎಂಬ ಸುದ್ದಿ ಅಲ್ಲಿರುವಾಗಲೇ ಬಂತು. ವೀಸಾ ಇದ್ದರೂ, ಅಲ್ಲೇ ಮನೆ ಇದ್ದರೂ ಅಷ್ಟೇ. ಇನ್ನು ಉಳಿದಿದ್ದದ್ದು ಕೆಲವೇ ದಿನ. ಲೀಲಾ ಫೋನಿನಲ್ಲಿ ಪ್ರತಿ ಸಲವೂ, "ಸಾಹಿತ್ಯ ಚೆನ್ನಾಗಿದ್ದಾಳೆ ಅಕ್ಕ, ಯೋಚನೆ ಮಾಡಬೇಡಿ," ಅನ್ನುತ್ತಿದ್ದಳು. ಆ ದಿನ ಅವಳ ಗಂಡ ಜಯಂತ ಫೋನ್ ಇಸಿದುಕೊಂಡು ಪಕ್ಕಕ್ಕೆ ಬಂದ. "ಅಕ್ಕ, ಹೇಳಬಾರದು ಅಂತಿದ್ದೆ. ಇವಳಿಗೆ ಬಿಪಿ ಜಾಸ್ತಿಯಾಗಿದೆ, ಡಾಕ್ಟರ್ ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರೆ. ನಿಮ್ಮಲ್ಲಿ ಒಬ್ಬರಾದರೂ ಬಂದರೆ..."

ಎಲ್ಲೆಲ್ಲೋ ಹುಡುಕಿ, ಬಾಗಿಲು ಮುಚ್ಚುವ ಮುನ್ನ ಜಪಾನ್ ಮುಟ್ಟುವ ವಿಮಾನದಲ್ಲಿ ಎರಡು ಸೀಟು ಹಿಡಿದರು. ಹೊರಡುವ ಹಿಂದಿನ ದಿನ ಬಾಲು ಕೆಮ್ಮಿದ. ದೂಳಿಗಿರಬೇಕು ಅಂದುಕೊಂಡರು. ಬೆಳಗ್ಗೆ ಎದ್ದಾಗ ಅವನ ಮೈ ಕೆಂಡದಂತಿತ್ತು.

ಟ್ಯಾಕ್ಸಿ ಬರುವ ಹೊತ್ತು. ವೇದವಲ್ಲಿ ಚೀಲದಿಂದ ಜ್ವರದ ಮಾತ್ರೆ ತೆಗೆದು ನೀರಿನೊಂದಿಗೆ ಅವನ ಕೈಗಿತ್ತಳು. "ನುಂಗಿ. ಏರ್‌ಪೋರ್ಟಿನಲ್ಲಿ ಹಣೆಗೆ ಹಿಡಿದು ನೋಡುವ ಹೊತ್ತಿಗೆ ಇಳಿದಿರುತ್ತೆ."

"ವಿಮಾನದಲ್ಲಿ ಬೇರೆಯವರೂ ಇರ್ತಾರಲ್ಲ ವೇದಾ."

"ನನಗೆ ಈಗ ಬೇರೆಯವರು ಕಾಣಿಸ್ತಾ ಇಲ್ಲ ರೀ. ನುಂಗಿ."

ನುಂಗಿದ. ಕೋಟು ತೊಟ್ಟ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಗೋಡೆ ಹಿಡಿದುಕೊಂಡು ಕುಳಿತುಬಿಟ್ಟ. ಉಸಿರು ಎಳೆದುಕೊಳ್ಳುವ ಸದ್ದು ಕೆಳಗಿನವರೆಗೆ ಕೇಳಿಸಿರಬೇಕು. ಫೆರ್ನಾಂಡಾ ಹೊರಗೆ ಬಂದು, ಬಾಯಿಗೆ ಸೆರಗಿನಂತೆ ಒಂದು ಸ್ಕಾರ್ಫ್ ಕಟ್ಟಿಕೊಂಡು ನೋಡಿದಳು.

"ಇವನು ಎಲ್ಲಿಗೂ ಹೋಗುವಂತಿಲ್ಲ," ಅಂದಳು ಇಂಗ್ಲಿಷಿನಲ್ಲಿ. "ನೀನು ಹೋಗು. ಮಗಳಿದ್ದಾಳೆ. ಇವನು ಮಹಡಿಯಲ್ಲಿರಲಿ, ನಾವು ಕೆಳಗಿದ್ದೇವೆ."

"ನಿಮಗೆ ತಗುಲಿದರೆ?"

ಫೆರ್ನಾಂಡಾ ಸ್ಕಾರ್ಫನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ವೇದವಲ್ಲಿ ಗಂಡನ ಮುಖ ನೋಡಿದಳು. ಬಾಲು ತಲೆಯೆತ್ತದೆ, "ಹೊರಡು," ಅಂದ. ಆಲ್ವಾರೊ ಅವಳ ಪೆಟ್ಟಿಗೆಯನ್ನಷ್ಟೇ ಎತ್ತಿ ಟ್ಯಾಕ್ಸಿಯಲ್ಲಿಟ್ಟ. ಬಾಲುವಿನ ಪೆಟ್ಟಿಗೆ ಮೆಟ್ಟಿಲ ಮೇಲೆ ಉಳಿಯಿತು. ಅವಳು ಅವನನ್ನು ಮುಟ್ಟಿ ಹೇಳಿ ಬರಲೂ ಇಲ್ಲ. ಮುಟ್ಟಿದರೆ ತನ್ನನ್ನೂ ಜಪಾನಿನೊಳಗೆ ಬಿಡಲಾರರೇನೋ ಎಂಬ ಹೆದರಿಕೆ ಆ ಗಳಿಗೆಯಲ್ಲಿ ಬಂದಿತ್ತು. ಆ ಹೆದರಿಕೆಯನ್ನು ನೆನೆದು ಆಮೇಲೆ ತಿಂಗಳುಗಟ್ಟಲೆ ನಾಚಿಕೊಂಡಳು.

ನರಿತಾ ವಿಮಾನ ನಿಲ್ದಾಣದಲ್ಲಿ ಆರೋಗ್ಯದ ಮೇಜಿನ ಹುಡುಗಿ, ಜೊತೆಗಿದ್ದ ಯಾರಿಗಾದರೂ ಜ್ವರವಿತ್ತೇ ಎಂದು ಕೇಳಿದಳು. ಇಲ್ಲ ಅಂದಿದ್ದರೆ ಸುಮ್ಮನೆ ಬಿಡುತ್ತಿದ್ದರು. ವೇದವಲ್ಲಿ "ಗಂಡನಿಗಿದೆ" ಅಂದಳು. ಅವಳನ್ನು ಬೇರೆ ಕೂರಿಸಿ, ಮೂಗಿಗೆ ಕಡ್ಡಿ ಹಾಕಿ, ಫಲಿತಾಂಶ ಬರುವವರೆಗೂ ಕಾಯಿಸಿದರು. ಸೋಂಕಿಲ್ಲ ಎಂದು ಬಂತು. ಆದರೂ ಎರಡು ವಾರ ಮನೆಯಿಂದ ಹೊರಬರಬಾರದು, ರೈಲು ಬಸ್ಸು ಹತ್ತಬಾರದು. ಜಯಂತ ಗೆಳೆಯರೊಬ್ಬರ ಕಾರು ತಂದಿದ್ದ. ಅವಳು ಹಿಂದಿನ ಸೀಟಿನ ಮೂಲೆಯಲ್ಲಿ, ಎಲ್ಲ ಕಿಟಕಿ ಇಳಿಸಿಕೊಂಡು, ಚಳಿಗಾಳಿಗೆ ಮುಖವೊಡ್ಡಿ ಗ್ಯೋಟೋಕುವಿಗೆ ಬಂದಳು. ದಾರಿಯುದ್ದಕ್ಕೂ ಜಯಂತ ಒಂದೇ ಮಾತು ಕೇಳಿದ: "ಅಣ್ಣ ಅಲ್ಲಿ ಯಾರ ಹತ್ತಿರ ಇದ್ದಾರೆ?" ಗುರುತಿಲ್ಲದವರ ಹತ್ತಿರ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಸ್ನೇಹಿತರು," ಅಂದಳು.

ಮರುದಿನ ಸಾಹಿತ್ಯ ಜಯಂತನ ಜೊತೆ ಬಂದು ರಸ್ತೆಯ ಆಚೆ ನಿಂತಳು. ವೇದವಲ್ಲಿ ಬಾಲ್ಕನಿಯಲ್ಲಿ. ಮಗಳ ಕೂದಲನ್ನು ಯಾರೋ ಹೊಸ ರೀತಿಯಲ್ಲಿ ಹೆಣೆದಿದ್ದರು. ಅಷ್ಟು ಹತ್ತಿರವಿದ್ದೂ ಫೋನಿನಲ್ಲೇ ಮಾತು.

"ಅಮ್ಮ, ಅಪ್ಪ ವಾ?" ಎಂದು ಜಪಾನಿ ಧಾಟಿಯಲ್ಲಿ ಕೇಳಿದಳು ಸಾಹಿತ್ಯ. ಅಪ್ಪ ಎಲ್ಲಿ ಎನ್ನುವುದಕ್ಕೆ ಅವಳು ಯಾವಾಗಲೂ ಕೇಳುತ್ತಿದ್ದದ್ದೇ ಹಾಗೆ.

"ಸ್ವಲ್ಪ ಹುಷಾರಿಲ್ಲ ಕಂದ. ಆಮೇಲೆ ಬರ್ತಾರೆ."

"ಆಮೇಲೆ ಅಂದ್ರೆ when?"

ಜಪಾನಿನ ಬಾಗಿಲು ಅಷ್ಟರಲ್ಲಿ ಮುಚ್ಚಿಯಾಗಿತ್ತು.

ದಿನವೂ ಸಂಜೆ, ಅಲ್ಲಿ ಬೆಳಗಾಗುವ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಮೊದಮೊದಲು ಬಾಲು ಎರಡು ಮಾತಾಡುತ್ತಿದ್ದ. ಆಮೇಲೆ ಬರೀ "ಹೂಂ" ಅನ್ನುತ್ತಿದ್ದ. ಫೆರ್ನಾಂಡಾ ಊಟವನ್ನು ಬಾಗಿಲ ಹೊರಗಿಟ್ಟು ಬರುತ್ತಾಳಂತೆ. ತಿನ್ನದಿದ್ದರೆ ಒಳಗೇ ಬಂದು ಗದರುತ್ತಾಳಂತೆ. ಒಳಗೆ ಬರುತ್ತಾಳೆ ಎಂದು ಕೇಳಿದಾಗ ವೇದವಲ್ಲಿ ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಎರಡು ವಾರ ಕಳೆದು ಸಾಹಿತ್ಯ ಮನೆಗೆ ಬಂದ ದಿನವೇ ಬಾಲು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದಳು, ಫೋನ್ ಆಫ್ ಆಗಿತ್ತು. ಫೆರ್ನಾಂಡಾಳಿಗೆ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮರುದಿನವೂ ಅದೇ. ಲಿಸ್ಬನ್ನಿನ ಭಾರತೀಯ ರಾಯಭಾರ ಕಚೇರಿಯ ನಂಬರಿಗೆ ಮಾಡಿದರೆ ಸಂಗೀತ ಕೇಳಿಸುತ್ತಿತ್ತು. ಅನ್ನಕ್ಕಿಟ್ಟದ್ದು ತಳ ಹತ್ತಿ ಮನೆಯೆಲ್ಲ ಸೀದ ವಾಸನೆಯಾದಾಗ ಸಾಹಿತ್ಯ ಬಂದು ಒಲೆ ಆರಿಸಿದಳು. ಲೀಲಾಳಿಗೆ ಹೇಳುವಂತಿಲ್ಲ, ಅವಳ ಬಿಪಿ ಏರೀತು. ಮೈಸೂರಿನಲ್ಲಿದ್ದ ಅತ್ತೆಗೆ ಮಗ ಟೋಕಿಯೋದಲ್ಲೇ ಇದ್ದಾನೆ ಎಂದು ಹೇಳಿಟ್ಟಿದ್ದಾಗಿತ್ತು. ಅವರು ಫೋನ್ ಮಾಡಿದಾಗ, "ಮೀಟಿಂಗಿನಲ್ಲಿದ್ದಾರೆ ಅತ್ತೆ," ಅಂದು ಇಟ್ಟಳು. ಹೇಳಿಕೊಳ್ಳಲು ಯಾರೂ ಇಲ್ಲದೆ ಅವಳು ಬಾಲ್ಕನಿಗೂ ಅಡುಗೆಮನೆಗೂ ತಿರುಗಾಡಿದಳು.

ಮೂರನೆಯ ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗಂಡಸಿನ ದನಿ. ಆಲ್ವಾರೊ.

"ಬಾಲು," ಅಂದ ಅವನು. ಆಮೇಲೆ ಏನೇನೋ ಹೇಳಿದ. ಒಂದಕ್ಷರ ಅರ್ಥವಾಗಲಿಲ್ಲ. ಮತ್ತೆ ನಿಧಾನವಾಗಿ, ಮಗುವಿಗೆ ಹೇಳುವಂತೆ, "ಬಾಲು... ಬೋಂ. ಬೋಂ," ಅಂದ. ನಡುವೆ ಫೆರ್ನಾಂಡಾಳ ಹೆಸರು ಬಂತು. ಆ ಹೆಸರು ಹೇಳುವಾಗ ಅವನ ದನಿ ಒಡೆದಂತಾಯಿತು.

ವೇದವಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಬೋಂ ಅಂದರೇನು? ಹೋದ ಅಂತಲೇ? ಸಾಹಿತ್ಯ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಸ್ಪೀಕರಿಗೆ ಹಾಕಿ, ತನ್ನ ಟ್ಯಾಬನ್ನು ಅದರ ಪಕ್ಕಕ್ಕಿಟ್ಟಳು. ಶಾಲೆಯಲ್ಲಿ ಹೊಸ ಮಕ್ಕಳ ಜೊತೆ ಮಾತಾಡಲು ಬಳಸುತ್ತಿದ್ದ ಅನುವಾದದ ಆ್ಯಪ್ ಅದರಲ್ಲಿತ್ತು. ಆಲ್ವಾರೊ ಮತ್ತೊಮ್ಮೆ ಹೇಳಿದ. ಸಾಹಿತ್ಯ ಪರದೆಯ ಮೇಲಿನ ಸಾಲನ್ನು ಎರಡು ಸಲ ಓದಿದಳು.

"ಅಮ್ಮ, ಬೋಂ ಅಂದ್ರೆ good. ಅಪ್ಪ hospitalನಲ್ಲಿ. ಉಸಿರು ಈಗ ಓಕೆ ಅಂತೆ. ಆ aunty ಇದ್ದಾರಲ್ಲ, ಈಗ ಅವರಿಗೇ ಜ್ವರ. ಮಲಗಿದ್ದಾರೆ."

ವೇದವಲ್ಲಿ ನೆಲದ ಮೇಲೆ ಕುಳಿತಳು. ಅಳು ಬಂದದ್ದು ಗಂಡ ಉಳಿದನೆಂದೋ, ಆ ಹೆಂಗಸಿಗೆ ತನ್ನಿಂದ ಹೀಗಾಯಿತೆಂದೋ ಅವಳಿಗೇ ತಿಳಿಯಲಿಲ್ಲ. "ಕ್ಷಮಿಸಿ ಅಂತ ಹೇಳು ಅವರಿಗೆ," ಅಂದಳು. ಸಾಹಿತ್ಯ ಟ್ಯಾಬಿಗೆ ಹೇಳಿದಳು, ಟ್ಯಾಬ್ ಆಲ್ವಾರೊಗೆ ಹೇಳಿತು. ಆಮೇಲೆ ಅವನ ಉತ್ತರ ಬಂತು.

"ಬಾಲು ಮೀನು ತಿನ್ನಲ್ಲ, ಮಾಂಸ ತಿನ್ನಲ್ಲ ಅಂತ hospital ಗೇಟಿಗೆ ಹೋಗಿ ಹೇಳಿ ಬಂದರಂತೆ," ಎಂದು ಓದಿದಳು ಸಾಹಿತ್ಯ. "ಒಳಗೆ ಬಿಡಲಿಲ್ಲ, ಅದಕ್ಕೆ ಗೇಟಿನವನಿಗೇ ಹೇಳಿದರಂತೆ. ನೀನು ಅದಕ್ಕೆ worry ಮಾಡಬೇಡ ಅಂತೆ."

ಬಾಲು ಆಸ್ಪತ್ರೆಯಿಂದ ಮಹಡಿಯ ಕೋಣೆಗೆ ಮರಳಿದಾಗ ಫೆರ್ನಾಂಡಾ ಇನ್ನೂ ಹಾಸಿಗೆಯಲ್ಲಿದ್ದಳು. ಆಲ್ವಾರೊಗೆ ಮೊಟ್ಟೆ ಬೇಯಿಸುವುದಕ್ಕಿಂತ ಹೆಚ್ಚು ಬಾರದು. ಹುಟ್ಟಿದಾಗಿನಿಂದ ಒಲೆ ಹಚ್ಚದಿದ್ದ ಬಾಲು ಅಡುಗೆಮನೆಗೆ ಇಳಿದ. ವೇದವಲ್ಲಿ ಗ್ಯೋಟೋಕುವಿನಿಂದ ವಿಡಿಯೋದಲ್ಲಿ ಹೇಳುವುದು, ಅವನು ಮಾಡುವುದು. "ಮೆಣಸು ಕುಟ್ಟಿ ಹಾಕಿ. ಅಷ್ಟಲ್ಲ. ಟೊಮೇಟೊ ಕಿವುಚಿ, ಹಾಗೇ ಬಿಡಬೇಡಿ." ಎರಡು ಹೆಜ್ಜೆಗೊಮ್ಮೆ ಅವನು ನಿಂತು ಉಸಿರು ತೆಗೆದುಕೊಳ್ಳುವುದು ಅವಳಿಗೆ ಕಾಣುತ್ತಿತ್ತು. ಫೆರ್ನಾಂಡಾ ಸಾರನ್ನು ಕುಡಿದಳು, ಆದರೆ ಅವಳಿಗೆ ಅದರ ರುಚಿ ತಿಳಿಯಲಿಲ್ಲ. ರುಚಿ, ವಾಸನೆ ಎರಡೂ ಹೋಗಿದ್ದವು. ಅಲ್ಲಿನ ಬೇಸಿಗೆ ಬಂದು ಅವಳು ಮೆಟ್ಟಿಲು ಹತ್ತಿ ಇಳಿಯುವಂತಾದ ಮೇಲೂ ಅವು ಪೂರ್ತಿ ಮರಳಲಿಲ್ಲ.

ಮೇ ತಿಂಗಳಲ್ಲಿ ಲೀಲಾ ಹೆಣ್ಣುಮಗುವಿಗೆ ತಾಯಿಯಾದಳು. ಜೂನ್ ಕಳೆಯಿತು, ಜುಲೈ ಕಳೆಯಿತು. ಬಾಲು ಅಲ್ಲಿಂದಲೇ ಬ್ಯಾಂಕಿನ ಕೆಲಸ ಮಾಡಿದ. ಇಷ್ಟು ದಿನ ಹೊರಗಿದ್ದರೆ ವೀಸಾ ಗತಿಯೇನು, ಕೆಲಸದ ಗತಿಯೇನು ಎಂದು ದಿನಕ್ಕೊಂದು ಆತಂಕ. ಜಪಾನಿನಲ್ಲೇ ನೆಲೆಸಿದ್ದ ವಿದೇಶಿಯರನ್ನು ಒಳಗೆ ಬಿಡುತ್ತೇವೆ ಎಂಬ ಸುದ್ದಿ ಆಗಸ್ಟ್ ಕೊನೆಗೆ ಬಂತು. ಸೆಪ್ಟೆಂಬರಿನಲ್ಲಿ ಅವನು ನರಿತಾದಲ್ಲಿ ಇಳಿದ.

ಎರಡು ವಾರ ಅವನು ಒಂದು ಕೋಣೆಯಲ್ಲಿ, ತಾಯಿ ಮಗಳು ಇನ್ನೊಂದರಲ್ಲಿ. ಗಂಡ ಗೋಡೆಯಾಚೆಗೇ ಇದ್ದರೂ ವೇದವಲ್ಲಿಗೆ ಕೇಳಬೇಕಾದದ್ದನ್ನು ಕೇಳಲು ಧೈರ್ಯ ಬರಲಿಲ್ಲ. ಹೊರಬಂದ ದಿನ ಅವನಿಗೆ ಕಾಫಿ ಕೊಡುತ್ತ, "ನಾನು ಬಿಟ್ಟು ಬಂದುಬಿಟ್ಟೆ ಅಲ್ವಾ ರೀ," ಅಂದಳು.

ಬಾಲು ಲೋಟವನ್ನು ಕೆಳಗಿಟ್ಟ. "ಟ್ಯಾಕ್ಸಿ ಹೊರಟಾಗ ನನಗೆ ನಿರಾಳವಾಯ್ತು, ಸಾಹಿತ್ಯಳ ಹತ್ತಿರ ನೀನಾದರೂ ಇರ್ತೀಯ ಅಂತ. ಸಂಜೆ ಹೊತ್ತಿಗೆ ಸಿಟ್ಟು ಬಂತು. ಹಿಂತಿರುಗಿ ಒಂದು ಸಲ ನೋಡಲೂ ಇಲ್ಲವಲ್ಲ ಅಂತ. ಎರಡೂ ನಿಜ."

"ಸಿಟ್ಟು ಈಗಲೂ ಇದೆಯಾ?"

"ಫೆರ್ನಾಂಡಾ ಮಲಗಿದಾಗ ಮನೆಯೆಲ್ಲ ನನ್ನ ಮೇಲೆ ಬಿತ್ತು. ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತಾಗಲಿಲ್ಲ." ಲೋಟವನ್ನು ಮತ್ತೆ ಕೈಗೆತ್ತಿಕೊಂಡು, "ಅವರ ಬಾಯಿರುಚಿ ಹೋದದ್ದು ಮಾತ್ರ ನನ್ನಿಂದ ವೇದಾ. ಅದು ನೆನಪಾದರೆ ಊಟ ಇಳಿಯಲ್ಲ," ಅಂದ.

ಅವಳು ಸಮಾಧಾನ ಹೇಳಲು ಹೋಗಲಿಲ್ಲ. ಆ ತಪ್ಪಿನಲ್ಲಿ ಅರ್ಧ ಪಾಲು ತನ್ನದು ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ಶನಿವಾರ ಲೀಲಾಳ ಮಗುವನ್ನು ನೋಡಲು ಮೂವರೂ ಹೊರಟರು. ಬಿಸಿಲು ಹಿತವಾಗಿತ್ತೆಂದು, ಸುತ್ತಾದರೂ ನದಿಯ ದಂಡೆಯ ದಾರಿ ಹಿಡಿದರು. ಸಾಹಿತ್ಯ ಮುಂದೆ ಓಡಿದಳು. ಅರ್ಧ ದಾರಿಯಲ್ಲಿ ಬಾಲು ಉಸಿರು ಸಾಲದೆ ದಂಡೆಯ ಕಟ್ಟೆಯ ಮೇಲೆ ಕುಳಿತ. ವೇದವಲ್ಲಿ, ಹೊತ್ತಾಗುತ್ತದೆ ಎನ್ನದೆ ಅವನ ಪಕ್ಕದಲ್ಲಿ ಕುಳಿತು, ಮಗಳಿಗೆ ನಿಲ್ಲುವಂತೆ ಕೈ ಮಾಡಿದಳು.