ಮುಂದಿನ ಸೀಟಿನಲ್ಲಿ ವಸಂತಾ

ಜಲಮಂಡಳಿಯ ‘ಮೆಟ್ರೋ ನೀರಿನ’ ಲಾರಿ ಬಂದಾಗ ಕೊಡಗಳನ್ನು ತುಂಬಿಸಿಟ್ಟೆ. ಹಾಲು ಕಾಯಿಸಿದೆ, ಮಗನ ಷರಟಿಗೆ ಗುಂಡಿ ಹೊಲಿದೆ, ಅತ್ತೆಯ ಬಿಪಿ ಮಾತ್ರೆ ತೆಗೆದಿಟ್ಟು ಹೊರಟೆ. ೨೦೦೩ರ ಒಂದು ಭಾನುವಾರ. ಆಗ ನಾನು ಚೆನ್ನೈನ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅಂದಿನ ಕೆಲಸ ಮಾತ್ರ ಊರಾಚೆಯ ಮುಟ್ಟುಕಾಡಿನ ಹಿನ್ನೀರಿನ ಮೇಲೆ.

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದರೆ ಕೆಲವರಿಗೆ ಆ ಬದಿಯ ತೋಳು ಊದಿಕೊಳ್ಳುತ್ತದೆ. ಇದನ್ನು ಲಿಂಫೆಡೀಮಾ ಎನ್ನುತ್ತೇವೆ. ಅಂಥ ಕೈಗೆ ಯಾವ ಭಾರವನ್ನೂ ಕೊಡಬಾರದೆಂಬುದು ಹಳೆಯ ಕಟ್ಟಳೆ. ಹದವಾದ ವ್ಯಾಯಾಮ ಒಳ್ಳೆಯದೆಂಬ ಅಭಿಪ್ರಾಯ ಆಗಷ್ಟೇ ಬಲಗೊಳ್ಳುತ್ತಿತ್ತು. ನಮ್ಮ ಸರ್ಜನ್ ಒಪ್ಪಿದ ಮೇಲೆ, ಕಯಾಕ್ ಎಂಬ ಕಿರಿದಾದ ದೋಣಿ ನಡೆಸುವ ಕ್ಲಬ್ಬೊಂದರ ವಿಹಾರಕ್ಕೆ ನನ್ನ ಕೆಲವು ರೋಗಿಗಳನ್ನು ಸೇರಿಸಿದ್ದೆ.

ಅವರಲ್ಲೊಬ್ಬರು ವಸಂತಾ, ತಲೆಮಾರುಗಳಿಂದ ಚೆನ್ನೈನ ಟ್ರಿಪ್ಲಿಕೇನಿನಲ್ಲಿರುವ ಮಾಧ್ವ ಮನೆತನದ ಗಣಿತದ ಟೀಚರ್. ಎಡಬದಿಗೆ ಶಸ್ತ್ರಚಿಕಿತ್ಸೆಯಾದಂದಿನಿಂದ ಪತಿ ಶ್ರೀನಿವಾಸ ರಾಯರು ಆ ಕೈಗೆ ಕೆಲಸವನ್ನೇ ಬಿಟ್ಟಿರಲಿಲ್ಲ. ಅನ್ನ ಬಸಿಯುವುದು, ಸೀರೆ ಒಣಹಾಕುವುದಿರಲಿ, ಹೆಂಡತಿಯ ಜಡೆ ಹೆಣೆಯುವುದನ್ನೂ ಕಲಿತಿದ್ದರು. ತಿಂಗಳುಗಟ್ಟಲೆ ರಬ್ಬರ್ ಪಟ್ಟಿ ಎಳೆದು ಕೈಗೆ ಶಕ್ತಿಯೇನೋ ಬಂದಿತ್ತು. ಮನೆಯಲ್ಲಿ ಅದಕ್ಕೆ ಉಪಯೋಗವಿರಲಿಲ್ಲ.

“ಹೀಗೇ ಇದ್ರೆ ಕೈ ಇದೆ ಅನ್ನೋದೇ ಮರ್ತು ಹೋಗತ್ತೆ ಮೇಡಂ,” ಎಂದಿದ್ದರು ವಸಂತಾ.

ಇಬ್ಬರು ಕೂರುವ ಕಯಾಕಿನಲ್ಲಿ ನಿಧಾನದವರನ್ನು ಮುಂದೆ ಕೂರಿಸುವುದು ಆ ಕ್ಲಬ್ಬಿನ ಪದ್ಧತಿ. ಮುಂದಿನವರ ಲಯವನ್ನು ನೋಡಿಕೊಂಡು ಹಿಂದಿನವರು ಹುಟ್ಟು ಹಾಕಬೇಕು. ಹೆಂಡತಿಯನ್ನು ಒಬ್ಬಳೇ ಬಿಡಲಾರೆನೆಂದು ಬಂದಿದ್ದ ರಾಯರು ಹಿಂದೆ ಕೂತರು. ತರಬೇತುದಾರ ಸೆಲ್ವಂ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ನಾನು ಒಂಟಿ ಕಯಾಕಿನಲ್ಲಿ ಪಕ್ಕದಲ್ಲೇ ಇದ್ದೆ.

ನೀರು ಅಲುಗದಷ್ಟು ಶಾಂತವಾಗಿತ್ತು. ಆದರೂ ಇವರ ದೋಣಿ ಮತ್ತೆ ಮತ್ತೆ ಬಲಕ್ಕೇ ತಿರುಗತೊಡಗಿತು. ಕಾರಣ ನನಗೆ ತಡವಾಗಿ ಹೊಳೆಯಿತು. ಹೆಂಡತಿಯ ಎಡಗೈಗೆ ಆಯಾಸವಾಗದಿರಲೆಂದು ರಾಯರು ಎಡಗಡೆ ಮಾತ್ರ ಜೋರಾಗಿ ಹುಟ್ಟು ಹಾಕುತ್ತಿದ್ದರು.

“ಪ್ರದಕ್ಷಿಣಮಾ ಸಾರ್?” ಎಂದು ಸೆಲ್ವಂ ತಮಿಳಿನಲ್ಲಿ ಕೇಳುವಷ್ಟರಲ್ಲಿ ದೋಣಿಯ ಮೂತಿ ದಡದ ಕೆಸರಿಗೆ ಹೊಕ್ಕಿತ್ತು.

ಉಳಿದ ದೋಣಿಯವರೆಲ್ಲ ಮುಂದೆ ಹೋಗದೆ ಕಾದರು. ಸೆಲ್ವಂ ಮೊಣಕಾಲುದ್ದದ ಕೆಸರಿಗಿಳಿದು ದೋಣಿ ಬಿಡಿಸಿದ. ಇವರನ್ನು ಹಗ್ಗ ಕಟ್ಟಿ ಹೊರಟ ದಡಕ್ಕೆ ಎಳೆದೊಯ್ಯುವುದೇ ಸರಿ ಎಂದ. ರಾಯರಿಗೂ ಅದೇ ಬೇಕಿತ್ತು. ಹಾಗೆ ಎಳೆಸಿಕೊಂಡು ದಡ ಮುಟ್ಟಿದರೆ ವಸಂತಾ ಇನ್ನೊಮ್ಮೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಏನು ಮಾಡೋಣವೆಂದು ಅವರನ್ನೇ ಕೇಳಿದೆ.

ವಸಂತಾ ಹಿಂದೆ ತಿರುಗದೆ ಹೇಳಿದರು: “ಏನ್ರೀ, ಆ ಕೋಲನ್ನ ಮಡಿಲಲ್ಲಿ ಇಟ್ಕೊಳ್ಳಿ. ಕೈ ನಂದು.”

“ಊದ್ಕೊಂಡ್ರೆ?”

“ಊದ್ಕೊಂಡ್ರೆ ಮೇಡಂ ಇದಾರೆ. ತೆಪ್ಪೋತ್ಸವದ ಸ್ವಾಮಿ ಹಾಗೆ ಜಮ್ಮಂತ ಕೂತಿರಿ, ಸಾಕು.”

ರಾಯರು ಕೂತರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಸಂತಾ ಹುಟ್ಟು ಹಾಕಿದರು. ದೋಣಿ ನೆಟ್ಟಗೆ ಸಾಗಿತು. ಸುಸ್ತಾದಾಗ ನಿಲ್ಲಿಸುತ್ತಿದ್ದರು, ಉಳಿದ ದೋಣಿಗಳೂ ನಿಲ್ಲುತ್ತಿದ್ದವು. ಸಹಾಯ ಮಾಡಲೇ ಎಂದು ರಾಯರು ಕಣ್ಣಲ್ಲೇ ನನ್ನನ್ನು ಕೇಳುತ್ತಿದ್ದರು, ನಾನು ಬೇರೆ ಕಡೆ ನೋಡುತ್ತಿದ್ದೆ. ಮರುದಿನ ಟೇಪು ಹಿಡಿದು ಅಳೆದಾಗ ತೋಳಿನ ಸುತ್ತಳತೆ ಹೆಚ್ಚಿರಲಿಲ್ಲವೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ನನ್ನ ವಿಭಾಗದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ರೋಗಿಗೆ ವ್ಯಾಯಾಮ ಕಲಿಸುವ ದಿನವೇ ಮನೆಯವರನ್ನೂ ಕರೆಸಿ, ಎಲ್ಲಿ ಸಹಾಯಕ್ಕೆ ಬರಬಾರದು ಎನ್ನುವುದನ್ನು ಅವರಿಗೂ ಕಲಿಸುತ್ತಿದ್ದೆ. ಎರಡನೆಯದೇ ಕಷ್ಟದ ಪಾಠ. ಪ್ರೀತಿ ಹೆಚ್ಚಿದ್ದಷ್ಟೂ ಕಷ್ಟ.

ಆ ಭಾನುವಾರ ದಡದ ಸರ್ವೆ ಮರಗಳ ನೆರಳಿನಲ್ಲಿ ಕ್ಲಬ್ಬಿನವರು ಬಡಿಸಿದ ಚಿತ್ರಾನ್ನ, ಮೊಸರನ್ನ, ಕರಿದ ಮಜ್ಜಿಗೆ ಮೆಣಸಿನಕಾಯಿ ತಿಂದೆವು. ವಸಂತಾ ಮೊಸರನ್ನವನ್ನು ಎರಡನೆಯ ಸಲ ಹಾಕಿಸಿಕೊಂಡರು. ವಾಪಸು ಹೊರಟ ವ್ಯಾನು ಚೆನ್ನೈ ಅಂಚಿನ ತಿರುವಾನ್ಮಿಯೂರು ತಲುಪುವ ಮುಂಚೆ ನಮ್ಮೆಲ್ಲರ ತಲೆಗಳೂ ತೂಗುತ್ತಿದ್ದವು. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವರು ಮಾತ್ರ, ಕೆಸರಿನಿಂದ ಬಿಡಿಸಿಕೊಂಡ ಮೇಲೆ ಒಮ್ಮೆಯೂ ಹುಟ್ಟು ಹಾಕದ ಶ್ರೀನಿವಾಸ ರಾಯರು.