ಬೂಟು ಬಿಚ್ಚದ ಕಾಲು

ಗಡಿಯ ಬಂಕರಿನಲ್ಲಿ ಮಲಗುವಾಗಲೂ ಬೂಟು ಬಿಚ್ಚುವಂತಿಲ್ಲ. ಗುಂಡು ಶುರುವಾದರೆ ಲೇಸು ಕಟ್ಟಲು ಪುರುಸೊತ್ತು ಎಲ್ಲಿಂದ ಬರಬೇಕು? ಖಾನಾಪುರದ ಗೌರೀಶ ಹಗಲೆಲ್ಲ ಮರಳಿನ ಚೀಲ ಹೊರುತ್ತಿದ್ದ, ಬಂದೂಕು ಒರೆಸುತ್ತಿದ್ದ. ಮೇಲೆ ಡ್ರೋನು ಗುಂಯ್ ಎಂದರೆ ಸಾಕು, ತಿನ್ನುತ್ತಿದ್ದ ಚಪಾತಿ ಬಿಟ್ಟು ಗೋಡೆಗೆ ಒತ್ತಿ ಕೂರುತ್ತಿದ್ದ. ಆಗೆಲ್ಲ ಮನೆಯ ಪಡಸಾಲೆಯ ತಣ್ಣನೆ ಫರಸಿಕಲ್ಲಿನ ನೆಲ ನೆನಪಾಗಿ ಬೂಟಿನೊಳಗೆ ಅಂಗಾಲು ಚಡಪಡಿಸುತ್ತಿತ್ತು.

ಒಂದು ಸಂಜೆ ಕೊನೆಗೂ ಮನೆಗೆ ವಿಡಿಯೋ ಫೋನು ಹತ್ತಿತು. ಹಿಡಿದ ಕೈ ತುಸು ವಾಲಿತೋ ಇಲ್ಲವೋ, ಅವ್ವ ಶಿವಲಿಂಗವ್ವನ ಕಣ್ಣು ಸೀದಾ ಅವನ ಕಾಲ ಮೇಲೇ ಬಿತ್ತು. ಹೊಸ್ತಿಲೊಳಗೆ ಯಾರ ಚಪ್ಪಲಿಯನ್ನೂ ಬಿಟ್ಟುಕೊಳ್ಳದ ಹೆಂಗಸು ಆಕೆ.

"ಹಾಸಿಗಿ ಮ್ಯಾಲೆ ಬೂಟೇನೋ, ಖೋಡಿ? ತಗಿ ಮೊದಲ!"

"ತಗೀತೀನಿ ಬೇ," ಎಂದ. ಅಷ್ಟರಲ್ಲಿ ಎಲ್ಲೋ ಢಂ ಎಂದಿತು, ತಲೆಯ ಮೇಲಿಂದ ಮಣ್ಣು ಉದುರಿತು. ಅವನ ಕೈ ಬೂಟಿನತ್ತ ಹೋಗಲೇ ಇಲ್ಲ. ಅವ್ವ ಮತ್ತೆ ಬೈಯಲಿಲ್ಲ.

ಮುಂದಿನ ಸಲ ಫೋನು ಎತ್ತಿದವಳು ತಂಗಿ ಸಮೃದ್ಧಿ. ಅವ್ವ ಒಬ್ಬಳೇ ಎಂದು ಬೆಳಗಾವಿಯ ಕಾಲೇಜು ಬಿಟ್ಟು ಬಂದಿದ್ದಳು. ದನಿ ತಗ್ಗಿಸಿ ಹೇಳಿದಳು:

"ಅಣ್ಣಾ, ಅವ್ವಗ ನೀನರ ಹೇಳು. ಅವತ್ತಿನಿಂದ ಚಪ್ಪಲ್ ಹಾಕ್ಕೊಂಡ ಮಲಗಾಕತ್ಯಾಳ. ಯಾಕಬೇ ಅಂದ್ರ, ಸುದ್ದಿ ಬಂದ್ರ ಚಪ್ಪಲ್ ಹುಡುಕಾಕ ಪುರುಸೊತ್ತು ಎಲ್ಲಿರತೈತಿ ಅಂತಾಳ."